ಆಯ್ತು ಎಂದರೆ ಯಾವ ಆಯ್ತು

ನಮ್ಮ ಕೋಣೆಯಲ್ಲಿ ಫೋನಿನ ಮೇಲ್ಗಡೆ ಗೋಡೆಗೆ ಒಂದು ಚೀಟಿ ಅಂಟಿಸಿದೆ: “ಈ ಫೋನಿನಲ್ಲಿ ‘ಆಯ್ತು’ ಅನ್ನುವಂತಿಲ್ಲ. ‘ಮಾಡ್ತೀನಿ’ ಅನ್ನಿ, ಇಲ್ಲವೇ ‘ಮಾಡಿದೀನಿ’ ಅನ್ನಿ.” ಕೈಬರಹ ನನ್ನದು. ಅಂಟಿಸಿ ಎರಡು ವರ್ಷವಾಯಿತು. ಅದಕ್ಕೂ ಮುಂಚೆ ಒಂದು ದಿನ ನಾನು ಮೇಷ್ಟ್ರಿಗೆ ಫೋನ್ ಮಾಡಿ, ಸಾಫ್ಟ್‌ವೇರನ್ನು ಬದಲಾಯಿಸುವ ಮುಂಚೆ ಹಳೆಯದರ ಒಂದು ಪ್ರತಿ ತೆಗೆದಿಡಬೇಕು ಎಂದಿದ್ದೆ. ಅವರು “ಆಯ್ತು” ಅಂದರು. ತೆಗೆದಿಟ್ಟಿದ್ದಾರೆ ಎಂದು ನಾನು ತಿಳಿದೆ. ತೆಗೆದಿಡೋಣ ಎಂದು ಅವರು ಹೇಳಿದ್ದರು. ಹೊಸದು ಕೆಟ್ಟಿತು, ಹಳೆಯದರ ಪ್ರತಿ ಇರಲಿಲ್ಲ. ಅವತ್ತು ಆರು ಗಂಟೆ ಕಾಲ ಇಡೀ ಆಸ್ಪತ್ರೆ ಪೆನ್ನು ಕಾಗದ ಹಿಡಿದು ಕೆಲಸ ಮಾಡಿತು. ಒಪ್ಪಿದ್ದಕ್ಕೂ ಆಯ್ತು, ಮುಗಿದದ್ದಕ್ಕೂ ಆಯ್ತು. ಮನೆಯಲ್ಲಾದರೆ ಇದರಿಂದ ಹೆಚ್ಚೆಂದರೆ ಹಾಲು ಉಕ್ಕೀತು.

ಮೇಷ್ಟ್ರು ಎಂದರೆ ನಮ್ಮ ಪ್ರೋಗ್ರಾಮರು. ಹಿಂದೆ ಗಣಿತ ಪಾಠ ಹೇಳುತ್ತಿದ್ದವರು. ಈಗಲೂ ಯಾರಾದರೂ ತಪ್ಪು ಹೇಳಿದರೆ ಬೈಯುವುದಿಲ್ಲ, ಕನ್ನಡಕ ತೆಗೆದು ಒರೆಸುತ್ತಾರೆ. ನಾನು ರಸಾಯನಶಾಸ್ತ್ರ ಓದಿ, ಪ್ರಯೋಗಾಲಯದಲ್ಲಿ ಕೆಲವು ವರ್ಷ ಕಳೆದು, ಈ ಮಕ್ಕಳ ಆಸ್ಪತ್ರೆಗೆ ಬಂದವಳು. ಇಲ್ಲಿನ ಸಾಫ್ಟ್‌ವೇರಿನಲ್ಲಿ ಏನೇ ಬದಲಾಗಬೇಕಾದರೂ ಅದು ನನ್ನ ಪುಸ್ತಕದಲ್ಲಿ ಹಾದು ಹೋಗಬೇಕು. ಏನು ಬದಲಾವಣೆ, ಯಾಕೆ, ಮಾಡುವವರು ಯಾರು, ಪರೀಕ್ಷಿಸಿದವರು ಯಾರು, ಎಡವಟ್ಟಾದರೆ ಹಿಂದಿರುಗುವ ದಾರಿ ಯಾವುದು. ತುರ್ತು ಕೆಲಸಕ್ಕೆ ಕೆಂಪು ಹಾಳೆ ಇದೆ. ಅದರಲ್ಲಿ ಮೇಲಿನವರ ಸಹಿಗಳನ್ನು ಆಮೇಲೆ ಹಾಕಿಸಬಹುದು. ಪರೀಕ್ಷೆಯನ್ನೂ ಹಿಂದಿರುಗುವ ದಾರಿಯನ್ನೂ ಆಮೇಲೆ ಬರೆಯುವಂತಿಲ್ಲ. ಇನ್ನೊಂದು ನಿಯಮವನ್ನು ನಾನೇ ಸೇರಿಸಿದ್ದೆ: ಫೋನಿನಲ್ಲಿ ಕೇಳಿದ ಮಾತನ್ನು ಕೇಳಿದ ಹಾಗೆಯೇ ಬರೆಯಬೇಕು, ಸಾರಾಂಶ ಬೇಡ.

ಎರಡನೇ ಮಹಡಿಯ ಎಳೆಗೂಸುಗಳ ವಾರ್ಡಿನ ಮುಖ್ಯ ನರ್ಸ್ ನನ್ನ ಅತ್ತಿಗೆ, ಅಂದರೆ ನನ್ನ ಅಣ್ಣನ ಹೆಂಡತಿ. ನಾವೆಲ್ಲ ಒಂದೇ ಮನೆಯಲ್ಲಿದ್ದೇವೆ. ಚೀಟಿಯ ಸುದ್ದಿ ಅವರ ಕಿವಿಗೆ ಬಿದ್ದ ದಿನದಿಂದ ನನಗೆ ಉಳಿಗಾಲವಿಲ್ಲ. “ಊಟ ಆಯ್ತಾ?” ಎಂದು ಕೇಳಿ, ನಾನು ಬಾಯಿ ತೆರೆಯುವುದರೊಳಗೆ ಅಣ್ಣನ ಕಡೆ ತಿರುಗಿ, “ತಡೀರಿ, ನಾದಿನಿ ಆಫೀಸರು ಪುಸ್ತಕ ತೆಗೀತಾರೆ” ಎನ್ನುತ್ತಾರೆ. ಅಣ್ಣ ನಗುತ್ತಾನೆ. ನಾನೂ ನಗುತ್ತೇನೆ.

ಆ ದಿನ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಔಷಧ ಉಗ್ರಾಣದ ಮುಖ್ಯಸ್ಥರು ಮೆಟ್ಟಿಲು ಹತ್ತಿ ನಾಲ್ಕನೇ ಮಹಡಿಯ ನಮ್ಮ ಕೋಣೆಗೆ ಬಂದರು. ಕೈಯಲ್ಲಿ ಎರಡು ಪುಟ್ಟ ಬಾಟಲಿ, ಹೆಬ್ಬೆರಳಿನಷ್ಟು. ಎರಡಕ್ಕೂ ನೀಲಿ ಮುಚ್ಚಳ, ಅದೇ ಕಂಪನಿ, ಅದೇ ಔಷಧ. ನಂಜಿನ ಜ್ವರಕ್ಕೆ ಕೊಡುವಂಥದ್ದು. ಅವನ್ನು ನನ್ನ ಮೇಜಿನ ಮೇಲಿಟ್ಟು, ವ್ಯತ್ಯಾಸ ಹೇಳಿ ನೋಡೋಣ ಎಂದರು. ನಾನು ಕಣ್ಣಿನ ಹತ್ತಿರ ಹಿಡಿದು ಓದಿದೆ. ಒಂದರಲ್ಲಿ ಮಿಲಿಲೀಟರಿಗೆ ಹತ್ತು ಮಿಲಿಗ್ರಾಂ, ಇನ್ನೊಂದರಲ್ಲಿ ನಲವತ್ತು. ಹತ್ತರದ್ದು ಇನ್ನು ಬರುವುದಿಲ್ಲವಂತೆ, ಇವತ್ತೇ ತಿಳಿಯಿತಂತೆ. ವಾರ್ಡಿನಲ್ಲಿ ಹಳೆಯದು ಉಳಿದಿರುವುದು ಆರೇ ಬಾಟಲಿ. ಮಧ್ಯಾಹ್ನ ಎರಡು ಗಂಟೆಗೆ ಔಷಧ ಬೇಕಾಗಿರುವ ಕೂಸುಗಳು ಹನ್ನೊಂದು, ಒಂದು ಬಾಟಲಿ ಒಂದೇ ಕೂಸಿಗೆ.

ಆ ವಾರ್ಡಿನಲ್ಲಿ ನರ್ಸುಗಳು ಲೆಕ್ಕ ಹಾಕುವುದಿಲ್ಲ, ನಮ್ಮ ಸಾಫ್ಟ್‌ವೇರ್ ಹಾಕುತ್ತದೆ. ಕೂಸಿನ ತೂಕ ನೋಡಿ, ಇಷ್ಟು ಮಿಲಿಲೀಟರ್ ಎಳೆಯಿರಿ ಎಂದು ಒಂದೂವರೆಗೆ ಲೇಬಲ್ ಮುದ್ರಿಸುತ್ತದೆ. ಒಂಬೈನೂರು ಗ್ರಾಂ ತೂಗುವ ಕೂಸಿಗೆ ಹಳೆಯ ಬಾಟಲಿಯಿಂದಾದರೆ ಸೊನ್ನೆ ಬಿಂದು ಮೂವತ್ತಾರು, ಹೊಸದರಿಂದಾದರೆ ಸೊನ್ನೆ ಬಿಂದು ಸೊನ್ನೆ ಒಂಬತ್ತು. ಹಳೆಯ ಲೇಬಲ್ ನೋಡಿ ಹೊಸ ಬಾಟಲಿಯಿಂದ ಎಳೆದರೆ ನಾಲ್ಕು ಪಟ್ಟು ಔಷಧ, ಕೂಸಿನ ಕಿವಿ ಹೋಗಬಹುದು, ಮೂತ್ರಪಿಂಡ ಹೋಗಬಹುದು. ಹೊಸ ಲೇಬಲ್ ನೋಡಿ ಹಳೆಯ ಬಾಟಲಿಯಿಂದ ಎಳೆದರೆ ಕಾಲು ಪಾಲು ಔಷಧ, ನಂಜು ಏರುತ್ತದೆ. ಎರಡೂ ನೀರಿನಂತೆ ತಿಳಿ. ಸಿರಿಂಜಿಗೆ ಬಂದ ಮೇಲೆ ಯಾವುದು ಯಾವುದೆಂದು ದೇವರಿಗೂ ಗೊತ್ತಾಗದು.

ಕೆಂಪು ಹಾಳೆ ತೆಗೆದೆ. ಬದಲಾಗಬೇಕಾದದ್ದು ಒಂದೇ ಅಂಕಿ, ಹತ್ತು ಹೋಗಿ ನಲವತ್ತು. ಆದರೆ ಅಂಕಿಯೂ ಬಾಟಲಿಯೂ ಒಟ್ಟಿಗೆ ಬದಲಾಗಬೇಕಿತ್ತು. ಉಗ್ರಾಣದವರು, ಮೇಷ್ಟ್ರು, ನಾನು ಮೂವರೂ ಕೂತು ಕ್ರಮ ಗೊತ್ತು ಮಾಡಿದೆವು. ಮೊದಲು ವಾರ್ಡಿನಿಂದ ಹಳೆಯ ಆರೂ ಬಾಟಲಿ ಹೊರಗೆ. ಆಮೇಲೆ ಅಂಕಿ. ಕೊನೆಗೆ ಹೊಸ ಬಾಟಲಿ ಒಳಗೆ. ಹಿಂದಿರುಗುವ ದಾರಿಯ ಕಡೆ ಮೇಷ್ಟ್ರು ಎಂದಿನಂತೆ “ಹಿಂದಿನ ಅಂಕಿ ಹಾಕುವುದು” ಎಂದು ಬರೆದರು. ನಾನು ಒಪ್ಪಲಿಲ್ಲ. ಹೊಸ ಬಾಟಲಿ ವಾರ್ಡಿಗೆ ಹೋದ ಮೇಲೆ ಹಿಂದಿನ ಅಂಕಿ ಹಾಕಿದರೆ ಅದೇ ದೊಡ್ಡ ಅನಾಹುತ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಈ ಸಲ ತಪ್ಪು ತಮ್ಮದೇ ಎಂಬಂತೆ ತಲೆಯಾಡಿಸಿ, ಹೊಡೆದುಹಾಕಿ ಬರೆದರು: “ಹೊಸ ಬಾಟಲಿಗಳು ಹೊರಬಂದ ಮೇಲೆ ಮಾತ್ರ ಹಿಂದಿನ ಅಂಕಿ.”

ಹನ್ನೊಂದಕ್ಕೆ ಆಸ್ಪತ್ರೆಯ ಮುಖ್ಯಸ್ಥರಾದ ದೊಡ್ಡ ಡಾಕ್ಟರು ಫೋನ್ ಮಾಡಿ ಎಲ್ಲಿಗೆ ಬಂತು ಎಂದರು. ಹನ್ನೊಂದೂ ಮುಕ್ಕಾಲಿಗೆ ಮತ್ತೆ ಮಾಡಿದರು. ಒಂದು ಅಂಕಿ ಬದಲಾಯಿಸಲು ಇಷ್ಟೊಂದು ಶಾಸ್ತ್ರ ಯಾಕೆ ಎಂದು ಅವರು ಬಾಯಿಬಿಟ್ಟು ಕೇಳಲಿಲ್ಲ. ಎರಡನೇ ಸಲದ ಫೋನೇ ಕೇಳಿತು. ಮೇಷ್ಟ್ರು ಅಸಲಿಯನ್ನು ಮುಟ್ಟದೆ, ಪರೀಕ್ಷೆಗೆಂದೇ ಇಟ್ಟುಕೊಂಡಿರುವ ಪ್ರತಿಯಲ್ಲಿ ಅಂಕಿ ಬದಲಾಯಿಸಿದರು. ನಾನು ಅದರಲ್ಲಿ ಕಾಲ್ಪನಿಕ ಕೂಸೊಂದನ್ನು ಸೃಷ್ಟಿಸಿ, ಒಂಬೈನೂರು ಗ್ರಾಂ ತೂಕ ಕೊಟ್ಟು, ಲೇಬಲ್ ಮುದ್ರಿಸಿ ಗಟ್ಟಿಯಾಗಿ ಓದಿದೆ. ಎಳೆಯಬೇಕಾದ ಪ್ರಮಾಣ ಸೊನ್ನೆ ಬಿಂದು ಸೊನ್ನೆ ಒಂಬತ್ತು, ಸರಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, “ಬಾಟಲಿ: ಮಿಲಿಲೀಟರಿಗೆ 10.”

ಓದುವುದನ್ನು ನಿಲ್ಲಿಸಿದೆ. ಆ ಸಾಲನ್ನು ಯಾರೋ ಯಾವ ಕಾಲದಲ್ಲೋ ಕೈಯಾರೆ ಬರೆದು ಸೇರಿಸಿದ್ದರು, ಅಂಕಿಯ ಜೊತೆ ಅದು ಬದಲಾಗುತ್ತಿರಲಿಲ್ಲ. ಆ ಲೇಬಲ್ ಹಿಡಿದ ನರ್ಸ್ ಹತ್ತರ ಬಾಟಲಿಯನ್ನೇ ಹುಡುಕುತ್ತಿದ್ದಳು. ಮೇಷ್ಟ್ರು ಆ ಸಾಲನ್ನು ಹುಡುಕಿ ತಿದ್ದಿ, ಮತ್ತೆ ನಾಲ್ಕು ತೂಕಗಳಿಗೆ ಪರೀಕ್ಷೆ ಮಾಡುವುದರಲ್ಲಿ ಗಡಿಯಾರ ಒಂದು ಗಂಟೆ ದಾಟಿತು. ಲೇಬಲ್ ಮುದ್ರಣಕ್ಕೆ ಇಪ್ಪತ್ತೈದು ನಿಮಿಷ ಉಳಿದಿತ್ತು. ಯಾರಿಗೂ ಊಟದ ನೆನಪಿರಲಿಲ್ಲ.

ಹಳೆಯ ಬಾಟಲಿಗಳನ್ನು ಉಗ್ರಾಣಕ್ಕೆ ಕಳಿಸಿ ಎಂದು ವಾರ್ಡಿಗೆ ಆಗಲೇ ಹೇಳಿ ಕಳಿಸಿದ್ದೆವು. ಒಂದೂ ಹನ್ನೆರಡಕ್ಕೆ ಅಲ್ಲಿಗೆ ಫೋನ್ ಮಾಡಿದೆ. ಅಷ್ಟರಲ್ಲಿ ದೊಡ್ಡ ಡಾಕ್ಟರು ತಾವೇ ಬಂದು ನನ್ನ ಕುರ್ಚಿಯ ಹಿಂದೆ ನಿಂತಿದ್ದರು. ಕೈಗಡಿಯಾರ ನೋಡಿಕೊಳ್ಳುವಾಗ ಅವರ ಅಂಗಿಯ ತೋಳು ಸರಿದ ಸದ್ದೂ ನನಗೆ ಕೇಳುತ್ತಿತ್ತು. ಆ ಕಡೆ ಫೋನೆತ್ತಿದವರು ಅತ್ತಿಗೆ. ಹಿನ್ನೆಲೆಯಲ್ಲಿ ಒಂದು ಯಂತ್ರ ಕೂಗುತ್ತಿತ್ತು, ಯಾರೋ ಅವರನ್ನು ಕರೆಯುತ್ತಿದ್ದರು.

“ಅತ್ತಿಗೆ, ಬೀರು, ಡ್ರಾಯರು ಎರಡೂ ಖಾಲಿ ಮಾಡಿದೀರಾ? ಬಾಗಿಲ ಹತ್ರದ ತಟ್ಟೇಲಿರೋದನ್ನೂ ತೆಗೀಬೇಕು.”

“ಆಯ್ತು, ಆಯ್ತು,” ಎಂದರು.

ನನ್ನ ಕಣ್ಣೆದುರೇ ಚೀಟಿ ಇತ್ತು. ಮಾಡಿದೀರೋ ಮಾಡ್ತೀರೋ ಎಂದು ಕೇಳಲು ಬಾಯಿ ತೆರೆದೆ. ಈ ಹೊತ್ತಲ್ಲೂ ನಿನ್ನ ವ್ಯಾಕರಣ ಬಿಡಲ್ವಲ್ಲೇ ಎಂದು ಸಂಜೆ ಅವರು ಅಣ್ಣನ ಮುಂದೆ ಹೇಳುವುದು ಕೇಳಿಸಿದಂತಾಯಿತು. ಬೆನ್ನ ಹಿಂದೆ ಅಂಗಿಯ ತೋಳು ಮತ್ತೊಮ್ಮೆ ಸರಿಯಿತು. ಅತ್ತಿಗೆ ಫೋನ್ ಇಟ್ಟರು. ನಾನು ಕೆಂಪು ಹಾಳೆಯಲ್ಲಿ ಸರಿ ಗುರುತು ಹಾಕಿ ಮೇಷ್ಟ್ರಿಗೆ ತಲೆಯಾಡಿಸಿದೆ.

ಒಂದೂ ಹದಿನಾಲ್ಕಕ್ಕೆ ಹತ್ತು ನಲವತ್ತಾಯಿತು. ನಾನು ಪಕ್ಕದಲ್ಲಿ ನಿಂತು ಮೇಷ್ಟ್ರ ಪರದೆಯನ್ನು ಒಂದಕ್ಷರ ಬಿಡದೆ ಓದಿದೆ. ಒಂದೂ ಇಪ್ಪತ್ತಕ್ಕೆ ಉಗ್ರಾಣದಿಂದ ಹನ್ನೆರಡು ಹೊಸ ಬಾಟಲಿಗಳ ಪೆಟ್ಟಿಗೆ ವಾರ್ಡಿಗೆ ಹೋಯಿತು. ಒಂದೂವರೆಗೆ ಹನ್ನೊಂದು ಲೇಬಲ್ ಮುದ್ರಣವಾದವೆಂದು ನಮ್ಮ ಪರದೆ ತೋರಿಸಿತು. ದೊಡ್ಡ ಡಾಕ್ಟರು ಮೇಷ್ಟ್ರ ಭುಜ ತಟ್ಟಿ, ನನಗೂ ಒಂದು ಮುಗುಳ್ನಗೆ ಕೊಟ್ಟು ಹೋದರು. ಮೇಷ್ಟ್ರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು.

ನಾನು ಪುಸ್ತಕ ಬರೆಯಲು ಕೂತೆ. ಗಂಟೆ, ನಿಮಿಷ, ಕೆಲಸ. ಒಂದೂ ಹನ್ನೆರಡು, ವಾರ್ಡಿಗೆ ಫೋನ್. ಅಲ್ಲಿಂದ ಕೇಳಿದ ಮಾತು, ಕೇಳಿದ ಹಾಗೆಯೇ: “ಆಯ್ತು, ಆಯ್ತು.”

ಪೆನ್ನು ಅಲ್ಲೇ ನಿಂತಿತು. ಶಾಯಿಯ ಚುಕ್ಕೆ ಅಗಲವಾಯಿತು. ಫೋನಿನಲ್ಲಿ ಕೇಳುವಾಗ ಅದು ಒಂದೇ ಉತ್ತರವಾಗಿತ್ತು. ಕಾಗದದ ಮೇಲೆ ಎರಡು ಮಾತು ಬೇರೆ ಬೇರೆ ಕೂತಿದ್ದವು, ನಡುವೆ ಅಲ್ಪವಿರಾಮ. ನಾನು ಕೇಳಿದ್ದು ಒಂದು ಪ್ರಶ್ನೆ, ಹೇಳಿದ್ದು ಒಂದು ಕೆಲಸ.

ವಾರ್ಡಿಗೆ ಫೋನ್ ಮಾಡಿದೆ. ಹೊಡೆದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಉಗ್ರಾಣಕ್ಕೆ ಮಾಡಿದೆ. ವಾರ್ಡಿನಿಂದ ಹಳೆಯ ಬಾಟಲಿ ಎಷ್ಟು ವಾಪಸು ಬಂದಿವೆ ಎಂದು ಕೇಳಿದೆ. ಅವರು ಎಣಿಸಿಯೇ ಹೇಳಿದರು, ನನಗೆ ಪ್ರತಿ ಬಾಟಲಿಯೂ ಮೇಜಿಗೆ ತಾಗಿದ ಸದ್ದು ಕೇಳಿಸಿತು. ಐದು.

ಆರು ಎಂದು ನನ್ನದೇ ಅಕ್ಷರದಲ್ಲಿ ಕೆಂಪು ಹಾಳೆಯ ಮೇಲೆ ಬರೆದಿತ್ತು. ಆರೂ ಎಣಿಸಿ ಸಿಕ್ಕ ಮೇಲೆ ಅಂಕಿ ಮುಟ್ಟೋಣ ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು. ಬರೆದಿರಲಿಲ್ಲ.

ಮೇಷ್ಟ್ರು ಆಗಲೇ ಪರದೆಯ ಮುಂದೆ ಬಗ್ಗಿದ್ದರು. “ಮೇಡಂ, ಹಿಂದಿನದನ್ನ ಹಾಕಿಬಿಡ್ಲಾ? ಅರ್ಧ ನಿಮಿಷದ ಕೆಲಸ.”

ನನ್ನ ಮೈಯೆಲ್ಲ ಹೂಂ ಎನ್ನುತ್ತಿತ್ತು. ತಪ್ಪಾಯಿತು ಎಂದು ತಿಳಿದ ಕ್ಷಣ ಮೊದಲಿದ್ದ ಹಾಗೆ ಮಾಡಿಬಿಡಬೇಕು ಅನ್ನಿಸುವುದು ಎಷ್ಟು ಸಹಜ. ಆದರೆ ಮೊದಲಿದ್ದ ಹಾಗೆ ಎನ್ನುವುದು ಈಗ ಪರದೆಯ ಮೇಲೆ ಮಾತ್ರ ಸಾಧ್ಯವಿತ್ತು. ಕೆಳಗೆ ಹನ್ನೆರಡು ನಲವತ್ತರ ಬಾಟಲಿಗಳಿದ್ದವು. ಬೆಳಿಗ್ಗೆ ಅವರೇ ಹೊಡೆದುಹಾಕಿ ಬರೆದ ಸಾಲಿನ ಮೇಲೆ ಬೆರಳಿಟ್ಟೆ.

“ಬೇಡ. ಏನೂ ಮುಟ್ಟಬೇಡಿ ಮೇಷ್ಟ್ರೇ. ಫೋನ್ ಮಾಡ್ತಾನೇ ಇರಿ. ಯಾರೇ ಎತ್ತಿದ್ರೂ ಒಂದೇ ಮಾತು, ಯಾವ ಕೂಸಿಗೂ ಕೊಡಬೇಡಿ ಅಂತ.”

ಒಂದೂ ನಲವತ್ತಮೂರು. ಲಿಫ್ಟಿನ ಅಂಕಿ ನೆಲಮಹಡಿಯಲ್ಲಿ ನಿಂತಿತ್ತು. ಮೆಟ್ಟಿಲು ಹಿಡಿದೆ. ಮೂರನೇ ಮಹಡಿಯಲ್ಲಿ ಗಾಲಿಕುರ್ಚಿಯೊಂದು ಅಡ್ಡ ಬಂದು, ಅದನ್ನು ಸರಿಸುವಾಗ ಮೊಣಕೈ ಗೋಡೆಗೆ ತರಚಿತು. ಇಳಿಯುತ್ತಾ ನಾನು ಮನಸ್ಸಿನಲ್ಲಿ ಭಾಗಾಕಾರ ಮಾಡುತ್ತಿದ್ದೆ. ಮೂರು ಬಿಂದು ಆರು ಮಿಲಿಗ್ರಾಂ ಬೇಕಾದ ಕೂಸಿಗೆ ಸೊನ್ನೆ ಬಿಂದು ಒಂಬತ್ತು. ಜ್ವರದ ಮೂರನೇ ದಿನ. ಕಾಲು ಪಾಲು ಔಷಧ ಕೊಟ್ಟರೆ ಯಾವ ಯಂತ್ರವೂ ಕೂಗುವುದಿಲ್ಲ, ಯಾರಿಗೂ ತಿಳಿಯುವುದಿಲ್ಲ. ಎರಡು ದಿನ ಬಿಟ್ಟು, ಈ ಕೂಸು ಯಾಕೋ ಸುಧಾರಿಸಲಿಲ್ಲ ಎನ್ನುತ್ತಾರೆ, ಅಷ್ಟೇ.

ವಾರ್ಡಿನ ಬಾಗಿಲಲ್ಲಿ ಕೈ ತೊಳೆಯದೆ ಒಳಗೆ ಹೋಗುವಂತಿಲ್ಲ. ತೊಳೆದೆ. ಎಷ್ಟು ತೊಳೆದರೂ ಸೋಪು ಹೋಗಲೊಲ್ಲದು. ಒಳಗೆ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಮಧ್ಯದ ಮೇಜಿನ ಹತ್ತಿರ ಇಬ್ಬರು ನರ್ಸುಗಳು ನಿಂತಿದ್ದರು, ಅವರ ಮುಂದೆ ಲೇಬಲ್ ಅಂಟಿಸಿದ ಸಿರಿಂಜುಗಳು ಸಾಲಾಗಿ ಮಲಗಿದ್ದವು. ಅತ್ತಿಗೆ ಮೂಲೆಯ ಗಾಜಿನ ಪೆಟ್ಟಿಗೆಯೊಳಗೆ ಎರಡೂ ಕೈ ಹಾಕಿ ಒಂದು ಕೂಸಿನ ಉಸಿರಿನ ನಳಿಕೆ ಸರಿಪಡಿಸುತ್ತಿದ್ದರು. ಬೆಳಿಗ್ಗೆಯಿಂದ ಅದೇ ಕೂಸು ಎಲ್ಲರನ್ನೂ ಓಡಾಡಿಸಿತ್ತೆಂದು ಆಮೇಲೆ ತಿಳಿಯಿತು.

“ಯಾರಿಗಾದರೂ ಕೊಟ್ಟಿದೀರಾ?” ಎಂದು ನರ್ಸುಗಳನ್ನು ಕೇಳಿದೆ.

ಇನ್ನೂ ಇಲ್ಲ, ಎರಡಕ್ಕೆ ಕೊಡುವುದು ಎಂದರು.

ಅತ್ತಿಗೆಯ ಕಡೆ ತಿರುಗಿದೆ. “ಅತ್ತಿಗೆ, ಬಾಗಿಲ ಹತ್ರದ ತಟ್ಟೇದು ತೆಗೆದಿದೀರಾ?”

“ಆಯ್ತು ಅಂದ್ನಲ್ಲೇ.”

“ಯಾವ ಆಯ್ತು?”

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಮನೆಯಲ್ಲಾಗಿದ್ದರೆ ನಗು ಬರುತ್ತಿತ್ತು. ಅವರ ಮುಖದಲ್ಲಿ ಮೊದಲು ಬೇಸರ ಬಂತು. ಆಮೇಲೆ ಅದು ಹೋಗಿ, ಏನೂ ಇಲ್ಲದ ಮುಖವಾಯಿತು. ಕೂಸಿನ ಮೇಲಿನ ಕೈಯನ್ನು ಅಲುಗಿಸದೆ, ಮೆಲ್ಲಗೆ ಹೇಳಿದರು.

“ಮೊದಲನೇ ಆಯ್ತು ಆಗಿತ್ತು ಕಣೇ. ಎರಡನೇದು ಆಗಬೇಕಿತ್ತು.”

ಬೀರುವಿನ ಮೂರು, ಡ್ರಾಯರಿನ ಎರಡು ಅವರೇ ತೆಗೆದು ಕಳಿಸಿದ್ದರು. ಹೊಸದಾಗಿ ಬರುವ ಕೂಸಿಗೆಂದು ಬಾಗಿಲ ಬಳಿ ಸಿದ್ಧವಿಡುವ ತಟ್ಟೆಯಲ್ಲಿ ಒಂದಿತ್ತು. ಫೋನ್ ಇಟ್ಟ ಕೂಡಲೇ ಅದನ್ನು ತೆಗೆಯಲು ಹೊರಟಿದ್ದವರನ್ನು ಯಂತ್ರ ಕರೆದಿತ್ತು.

ನಾನು ತಟ್ಟೆ ನೋಡಿದೆ. ಹತ್ತಿಯಿತ್ತು, ಸೂಜಿಗಳಿದ್ದವು, ಬಾಟಲಿಯಿರಲಿಲ್ಲ. ಹೊಸ ಪೆಟ್ಟಿಗೆ ನೋಡಿದೆ. ಹನ್ನೆರಡರಲ್ಲಿ ಹನ್ನೊಂದು ಬಳಸಿದ್ದರೆ ಒಂದು ಉಳಿಯಬೇಕು. ಎರಡು ಉಳಿದಿದ್ದವು. ಖಾಲಿ ಬಾಟಲಿಗಳ ಡಬ್ಬಿಯನ್ನು ಬಟ್ಟೆಯ ಮೇಲೆ ಸುರುವಿ ಒಂದೊಂದೇ ತಿರುಗಿಸಿದೆ. ನಲವತ್ತು, ನಲವತ್ತು, ನಲವತ್ತು. ಎಂಟನೆಯದು ಹತ್ತು.

ನರ್ಸುಗಳಲ್ಲಿ ಒಬ್ಬಳು, ಬಾಗಿಲ ಕಡೆ ನಿಂತಿದ್ದವಳು, ಕೈಗೆ ಹತ್ತಿರವಿದ್ದದ್ದನ್ನು ತೆಗೆದುಕೊಂಡಿದ್ದಳು. ನೀಲಿ ಮುಚ್ಚಳ, ಅದೇ ಹೆಸರು. ಯಾವ ಸಿರಿಂಜಿಗೆ ಎಂದು ಕೇಳಿದೆ. ಅವಳು ಸಾಲನ್ನು ನೋಡಿದಳು, ಮತ್ತೆ ಮತ್ತೆ ನೋಡಿದಳು. ಐದನೆಯದು ಇರಬಹುದು ಎಂದಳು, ಆಮೇಲೆ ಏಳನೆಯದು ಎಂದಳು, ಆಮೇಲೆ ಅಳಲು ಶುರು ಮಾಡಿದಳು. ಹನ್ನೊಂದೂ ಒಂದೇ ಥರ ತಿಳಿಯಾಗಿ ಹೊಳೆಯುತ್ತಿದ್ದವು. ಅತ್ತಿಗೆ ಅಲ್ಲಿಂದಲೇ, ಅಷ್ಟನ್ನೂ ಚೆಲ್ಲಿ, ಹೊಸದಾಗಿ ಎಳೆಯೋಣ ಎಂದರು. ಫೋನು ಇನ್ನೂ ಹೊಡೆದುಕೊಳ್ಳುತ್ತಿತ್ತು. ಹೋಗಿ ಎತ್ತಿದೆ. ಮೇಷ್ಟ್ರು ಉಸಿರೇ ಬಿಡದೆ “ಯಾವ ಕೂಸಿಗೂ ಕೊಡಬೇಡಿ” ಎಂದರು. ಯಾರಿಗೂ ಕೊಟ್ಟಿಲ್ಲ ಎಂದೆ. ಉಗ್ರಾಣದಿಂದ ಇನ್ನೊಂದು ಪೆಟ್ಟಿಗೆ ಕಳಿಸಲು ಹೇಳಿಸಿದೆ.

ನಾಲ್ಕನೇ ಮಹಡಿಗೆ ವಾಪಸು ಹೋಗಿ ಪುಸ್ತಕ ತೆಗೆದೆ. ಹೊರಡುವಾಗ ಅತ್ತಿಗೆ, ನಾನು ಅಂದದ್ದನ್ನ ಇದ್ದ ಹಾಗೇ ಬರಿ, ನನ್ನನ್ನ ಉಳಿಸೋಕೆ ಹೋಗಬೇಡ ಎಂದಿದ್ದರು. ಅದಾಗಲೇ ಇದ್ದ ಹಾಗೆಯೇ ಇತ್ತು. ಬರೆಯಬೇಕಾದದ್ದು ಅದರ ಕೆಳಗಿನ ಸಾಲು: “ಉತ್ತರ ಸ್ಪಷ್ಟವಿರಲಿಲ್ಲ. ಕೇಳಿದವಳಿಗೆ ಅದು ಗೊತ್ತಿತ್ತು. ಮತ್ತೆ ಕೇಳಲಿಲ್ಲ.” ಯಾಕೆ ಎಂಬ ಕಡೆ ದೊಡ್ಡ ಡಾಕ್ಟರು ಹಿಂದೆ ನಿಂತಿದ್ದನ್ನು ಬರೆಯೋಣ ಅನ್ನಿಸಿತು. ಆದರೆ ನನ್ನ ಬಾಯಿ ಮುಚ್ಚಿಸಿದ್ದು ಅವರಲ್ಲ. ಮನೆಯ ಒಂದು ತಮಾಷೆ ಮುಚ್ಚಿಸಿತ್ತು. ಅದನ್ನು ಯಾವ ಶಬ್ದದಲ್ಲಿ ಬರೆಯುವುದೆಂದು ತಿಳಿಯದೆ, “ಸಂಕೋಚ” ಎಂದು ಬರೆದೆ. ಮೇಷ್ಟ್ರು ಓದಿದರು. ಕನ್ನಡಕ ಮುಟ್ಟಲಿಲ್ಲ. ಅದರ ಕೆಳಗೆ ತಮ್ಮ ಅಕ್ಷರದಲ್ಲಿ, ಹಳೆಯ ಬಾಟಲಿಗಳ ಎಣಿಕೆ ಸಿಗುವವರೆಗೆ ಕಾಯಬೇಕೆಂದು ತಮಗೂ ಹೊಳೆಯಲಿಲ್ಲವೆಂದು ಸೇರಿಸಿ ಸಹಿ ಹಾಕಿದರು.

ಎರಡೂ ಮೂವತ್ತೊಂದಕ್ಕೆ ಫೋನ್ ಬಂತು. ಈಗ ಯಂತ್ರದ ಕೂಗಿರಲಿಲ್ಲ.

“ಹನ್ನೊಂದೂ ಕೊಟ್ಟಿದೀನಿ,” ಅಂದರು ಅತ್ತಿಗೆ. “ಒಂದೊಂದು ಬಾಟಲೀನೂ ನಾನೇ ಓದಿ, ನಾನೇ ಎಳೆದು, ನಾನೇ ಕೊಟ್ಟಿದೀನಿ. ಬರ್ಕೋ.”

ಬರೆದುಕೊಂಡೆ. ಅವರು ಫೋನ್ ಇಡಲಿಲ್ಲ. ನಿಮ್ಮ ಗೋಡೆ ಮೇಲಿರೋ ಚೀಟೀಲಿ ಏನು ಬರೆದಿದೀಯ, ಸರಿಯಾಗಿ ಹೇಳು ಎಂದರು. ಓದಿ ಹೇಳಿದೆ. ಆ ಕಡೆ ಪೆನ್ನು ಕಾಗದದ ಮೇಲೆ ಓಡುವ ಸದ್ದಾಯಿತು. ಎರಡು ವರ್ಷದಿಂದ ಆ ಚೀಟಿಯನ್ನು ಫೋನಿನ ಒಂದೇ ತುದಿಗೆ ಅಂಟಿಸಿಕೊಂಡು ಕೂತಿದ್ದೆ ಎಂಬುದು ಆಗ ಹೊಳೆಯಿತು.

“ಊಟ?” ಎಂದು ಕೇಳಿದರು.

ಮೊಣಕೈ ಉರಿಯುತ್ತಿತ್ತು. ಕೈ ಇನ್ನೂ ಸೋಪಿನ ವಾಸನೆ ಹೊಡೆಯುತ್ತಿತ್ತು.

“ಮಾಡ್ತೀನಿ,” ಅಂದೆ.